ದೇವರು, ಡಾರ್ವಿನ್ ಮತ್ತು ಚಿನ್ನದ ಗಣಿಯ ಕಲ್ಲು



ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಗಣಿಯೂರು ಸಮೀಪಿಸಿದಂತೆ ಕಾಣುವುದು ಸೈನೈಡ್ ಮಣ್ಣಿನ ಗುಡ್ಡಗಳು. ಅವುಗಳ ಸುತ್ತ ದೇವಸ್ಥಾನ, ಚರ್ಚು, ಮಸೀದಿಗಳು. ಇಂಥ ಊರಿನಲ್ಲಿ ಶಾಲೆಯ ಹುಡುಗನೊಬ್ಬ, ‘ಮನುಷ್ಯನನ್ನು ದೇವರು ಸೃಷ್ಟಿಸಿದನೋ, ಬೇರೆ ಜೀವಿಗಳಿಂದ ವಿಕಾಸವಾಗಿ ಬಂದನೋ?’ ಎಂದು ಕೇಳಿದರೆ ಹಿರಿಯರು ಏನು ಹೇಳಬೇಕು? ‘ಪರೀಕ್ಷೆಗೆ ಒಂದು, ಮನೆಗೆ ಒಂದು’ ಎಂದು ಜಾರಿಕೊಳ್ಳುವುದು ಸುಲಭ. ಆದರೆ ಅದರಿಂದ ಹುಡುಗ ಕಲಿಯುವುದು ವಿಜ್ಞಾನವನ್ನೂ ಅಲ್ಲ, ಭಕ್ತಿಯನ್ನೂ ಅಲ್ಲ; ಎರಡು ನಾಲಿಗೆಯನ್ನು.

ಮೊದಲು ಕಾಲದ ಲೆಕ್ಕ. ಕೋಲಾರದ ಚಿನ್ನದ ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಪೆದ್ದಪಲ್ಲಿಯ ಬಳಿ ದಿಂಬುಗಳನ್ನು ಜೋಡಿಸಿಟ್ಟಂತೆ ಕಾಣುವ ಲಾವಾ ಶಿಲೆಗಳಿವೆ. ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾರಸ ನೀರಿನೊಳಗೆ ಹರಿದು ತಣಿದಾಗ ಆ ಆಕಾರ ಬರುತ್ತದೆ. ಆ ಕಾಲದಲ್ಲಿ ಭೂಮಿಯ ಮೇಲಿದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಆರು ದಿನಗಳ ಸೃಷ್ಟಿಯನ್ನು ಅಕ್ಷರಶಃ ನಂಬುವವರಿಗೆ ಈ ಕಲ್ಲು ಒಪ್ಪಿಗೆಯಾಗುವುದು ಕಷ್ಟ. ಪುರಾಣಗಳಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಅಂಕಿಗಳು ಹತ್ತಿರವಿವೆ ನಿಜ. ಆದರೆ ಒಂದು ಕಲ್ಲನ್ನು ಅಳೆದು ಬಂದದ್ದು, ಇನ್ನೊಂದು ಧ್ಯಾನಕ್ಕೆ ಹೊಳೆದದ್ದು.

ವಿಕಾಸವೆಂದರೆ ಹಳೆಯ ಕಾಲದ ಕಥೆ ಮಾತ್ರವಲ್ಲ. ಗಣಿಯ ದೂಳಿನಿಂದ ಸಿಲಿಕೋಸಿಸ್ ಬಂದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಕ್ಷಯದ ಕೋಟಿಗಟ್ಟಲೆ ಕ್ರಿಮಿಗಳಲ್ಲಿ ಕೆಲವು, ಆಕಸ್ಮಿಕ ಬದಲಾವಣೆಯಿಂದ, ಒಂದು ಔಷಧಿಗೆ ಬಗ್ಗುವುದಿಲ್ಲ. ಆ ಔಷಧಿಯೊಂದನ್ನೇ ಕೊಟ್ಟರೆ ಉಳಿದವು ಸತ್ತು, ಅವೇ ಬದುಕಿ ಬೆಳೆಯುತ್ತವೆ. ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಇದೇ. ಆದ್ದರಿಂದಲೇ ವೈದ್ಯರು ಹಲವು ಔಷಧಿಗಳನ್ನು ಒಟ್ಟಿಗೆ, ತಿಂಗಳುಗಟ್ಟಲೆ ಕೊಡುತ್ತಾರೆ. ರೋಗಿಯ ತಾಯಿ ಮಾರಿಯಮ್ಮನಿಗೆ ಹರಕೆ ಹೊರಲಿ, ಮಾತೆ ಮೇರಿಗೆ ಮೇಣದಬತ್ತಿ ಹಚ್ಚಲಿ; ಮಾತ್ರೆ ಮಾತ್ರ ತಪ್ಪಬಾರದು.

ಧರ್ಮಗಳೂ ಇದನ್ನು ಅರಿಯದೆ ಇಲ್ಲ. ವಿಕಾಸವು ಬರೀ ಊಹೆಗಿಂತ ಮಿಗಿಲಾದುದೆಂದು ಪೋಪ್ ಎರಡನೆಯ ಜಾನ್ ಪಾಲ್ 1996ರಲ್ಲಿ ಒಪ್ಪಿದರು; ಆತ್ಮ ಮಾತ್ರ ದೇವರ ಸೃಷ್ಟಿಯೆಂಬ ನಂಬಿಕೆಯನ್ನು ಬಿಡಲಿಲ್ಲ. ಇತ್ತ ಹಿಂದೂಗಳಲ್ಲಿ ಅನೇಕರು ಮತ್ಸ್ಯ, ಕೂರ್ಮ, ವರಾಹಗಳ ಕ್ರಮವನ್ನೇ ವಿಕಾಸವೆನ್ನುತ್ತಾರೆ. ಕೇಳಲು ಸೊಗಸು. ಆದರೆ ಅವತಾರಕ್ಕೆ ಉದ್ದೇಶವಿದೆ. ನಿಸರ್ಗದ ಆಯ್ಕೆಗೆ ಅದು ಗೊತ್ತಿಲ್ಲ. ದಶಾವತಾರವನ್ನು ಜೀವಶಾಸ್ತ್ರದ ಪಾಠ ಮಾಡಿದರೆ ಪುರಾಣಕ್ಕೂ ನ್ಯಾಯವಿಲ್ಲ, ಶಾಸ್ತ್ರಕ್ಕೂ ನ್ಯಾಯವಿಲ್ಲ.

ಈ ಗೊಂದಲ ಶಾಲೆಗೂ ಬಂದಿದೆ. 2018ರಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ನನ ವಾದವೇ ತಪ್ಪೆಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ಅಕಾಡೆಮಿಗಳು ಪ್ರತಿಭಟಿಸಿದವು. 2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟದ್ದು ಬಯಲಾದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹತ್ತಕ್ಕೇ ವಿಜ್ಞಾನ ನಿಲ್ಲಿಸುವ ಮಕ್ಕಳಿಗೆ ಆ ಪಾಠ ಮತ್ತೆ ಸಿಗುವುದಿಲ್ಲ.

ಹಾಗೆಂದು ಎಲ್ಲವೂ ಹೊಂದಿಕೊಂಡಿತೆನ್ನುವಂತಿಲ್ಲ. ಬದುಕುವ ಒಂದಕ್ಕಾಗಿ ಅಳಿಯುವ ನೂರು ಜೀವಗಳನ್ನು ಕಂಡು ‘ಕರುಣಾಮಯಿ ಎಲ್ಲಿ?’ ಎಂದು ಕೇಳುವವರಿದ್ದಾರೆ. ಡಾರ್ವಿನ್ನನ ನಂಬಿಕೆಯೂ ಕಾಲಕ್ರಮದಲ್ಲಿ ಸೊರಗಿತು. ಆದರೂ ದೈವಭಕ್ತನು ವಿಕಾಸವನ್ನು ಒಪ್ಪಬಲ್ಲನೆಂದೇ ಆತ 1879ರಲ್ಲಿ ಪತ್ರವೊಂದರಲ್ಲಿ ಬರೆದ. ಆ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರವಿಲ್ಲ. ಅದನ್ನು ಕೇಳುವ ಹಕ್ಕು ಮಗುವಿಗೂ ಉಂಟು.

2001ರ ಫೆಬ್ರುವರಿ 28ರಂದು ಮುಚ್ಚುವವರೆಗೂ ಈ ಗಣಿಗಳಲ್ಲಿ ಬಂಡೆ ಸಿಡಿತದ ಭಯವಿತ್ತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿದರು. ದೇವರಿಗೆ ಕೈಮುಗಿದು ಇಳಿದವರೇ ಒಳಗೆ ಕಲ್ಲಿನ ಆಸರೆ ಕಟ್ಟಿದರು. ಕೈಮುಗಿದೆವೆಂದು ಆಸರೆ ಬಿಡಲಿಲ್ಲ. ಆಸರೆಯಿದೆಯೆಂದು ಕೈಮುಗಿಯುವುದನ್ನೂ ಬಿಡಲಿಲ್ಲ. ಹುಡುಗನಿಗೆ ಹೇಳಬಹುದಾದದ್ದು ಇಷ್ಟೇ: ಬಂಡೆಯ ವಿಷಯದಲ್ಲಿ ಬಂಡೆಯ ಮಾತು ಕೇಳು, ಬದುಕುವ ಧೈರ್ಯಕ್ಕೆ ನಿನ್ನ ದೇವರನ್ನು ಕೇಳು.