ತಿರುಗುವ ಮುಚ್ಚಳ



ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳಿಂದ ಬಂದ ನಾವೆಲ್ಲರೂ ಮರದ ಕುಂಕುಮ ಭರಣಿಯನ್ನು ಬಲ್ಲೆವು. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ, ತಾಳೆಗರಿಯಿಂದ ಮೆರುಗು ಕೊಡುವರು. ಮುಚ್ಚಳ ಕಳೆದರೆ ಆ ಚೆಲುವೆಲ್ಲ ವ್ಯರ್ಥ! ಅಂಚಿನಲ್ಲಿ ತಲೆಯುಳ್ಳ ಹಿತ್ತಾಳೆಯ ಕೀಲನ್ನು ಇಳಿಸಿ, ಮುಚ್ಚಳವು ಪಕ್ಕಕ್ಕೆ ತಿರುಗುವಂತೆ ಮಾಡುವುದು ಲೇಸೆಂದು ನಾವು ಬಗೆಯುತ್ತೇವೆ.

ಮರ ಚೆನ್ನಾಗಿ ಒಣಗಿರಬೇಕು. ಹಸಿಮರದಲ್ಲಿ ಕಡೆದ ವೃತ್ತವು ಒಣಗಿದಂತೆಲ್ಲ ಅಂಡಾಕಾರವಾಗುವುದು. ಮುಚ್ಚಳದ ಅಡಿ ಸಮತಲವಾಗಿರಲಿ. ಬಾಯೊಳಗೆ ಇಳಿಯುವ ಕಂಠವಿದ್ದರೆ ಅದು ತಿರುಗದು. ಕೀಲು ಕೂರುವಷ್ಟು ದಪ್ಪವನ್ನು ಭರಣಿಯ ಅಂಚಿನಲ್ಲಿ ಉಳಿಸಿ, ಎರಡನ್ನೂ ಜೋಡಿಸಿ ಹಿಡಿದು ಬೈರಿಗೆಯನ್ನು ನೆಟ್ಟಗೆ ಇಳಿಸಬೇಕು. ಇಂಥ ಕೆಲಸದಿಂದ ಓದು ಕೆಡುವುದೆಂದು ಕೆಲವು ಪಾಲಕರು ಶಂಕಿಸುವರು. ಆದರೆ ಲಂಬರೇಖೆಯ ಪಾಠ ಇಲ್ಲಿಯೇ ಇದೆ: ರಂಧ್ರವು ತುಸು ಓರೆಯಾದರೂ ಮುಚ್ಚಳವು ತಿರುಗುವಾಗ ಒಂದೆಡೆ ಎದ್ದು, ಇನ್ನೊಂದೆಡೆ ಉಜ್ಜುವುದು. ಕೀಲು ಭರಣಿಯಲ್ಲಿ ಬಿಗಿಯಾಗಿರಲಿ, ಮುಚ್ಚಳದಲ್ಲಿ ಮಾತ್ರ ಕೊಂಚ ಸಡಿಲವಾಗಿರಲಿ.