ವಿದ್ವತ್ತೆಯ ತೂಕ



ಹುಕ್ಕೇರಿ ಸೀಮೆಯ ರೈತನು ಸಂಕೇಶ್ವರದ ಸಕ್ಕರೆ ಕಾರಖಾನೆಗೆ ಕಬ್ಬನ್ನೊಯ್ದಾಗ ಮೊದಲು ಕಾಟಾದ ಮೇಲೆ ಅದರ ತೂಕವಾಗುವುದು. ಕಬ್ಬು ಎಷ್ಟೆಂಬುದನ್ನು ಕಾಟಾ ಹೇಳುವುದು; ಅದರೊಳಗಿನ ಸಕ್ಕರೆ ಎಷ್ಟೆಂಬುದನ್ನು ಹೇಳಲಾರದು. ವಿಜ್ಞಾನಿಗಳ ಕಾರ್ಯವನ್ನು ಅಳೆಯುವಲ್ಲಿಯೂ ಇದೇ ತೊಡಕು. ಒಬ್ಬನು ಎಷ್ಟು ಪ್ರಬಂಧಗಳನ್ನು ಬರೆದನು, ಅನ್ಯ ವಿದ್ವಾಂಸರು ಅವುಗಳನ್ನು ಎಷ್ಟು ಸಾರೆ ಉಲ್ಲೇಖಿಸಿದರು ಎಂಬ ಲೆಕ್ಕದ ಮೇಲೆ ಇಂದು ಎಷ್ಟೋ ಕಡೆ ನೌಕರಿ, ಬಡ್ತಿ, ಧನಸಹಾಯಗಳು ನಿಂತಿರುವವು. ಈ ಸೀಮೆಯ ಮಕ್ಕಳೂ ಸಂಶೋಧನೆಯ ದಾರಿ ಹಿಡಿಯಬೇಕೆಂದು ಬಯಸುವ ಹಿರಿಯರು ಆ ಲೆಕ್ಕದ ಮರ್ಮವನ್ನು ಅರಿತಿರುವುದು ಅವಶ್ಯವು.

ಉಲ್ಲೇಖಗಳ ಸೂಚಿಯೊಂದಿರಬೇಕೆಂದು ಇಸವಿ ಸನ್ ೧೯೫೫ ರಲ್ಲಿ ಸೂಚಿಸಿದವನು ಅಮೇರಿಕೆಯ ಯೂಜೀನ್ ಗಾರ್‌ಫೀಲ್ಡ್‌ನು. ೧೯೬೪ ರಲ್ಲಿ ಅಂಥ ಸೂಚಿಯು ಪ್ರಕಟವಾಯಿತು. ಒಂದು ವಿಚಾರದಿಂದ ಇನ್ನೊಂದು ವಿಚಾರವು ಹೇಗೆ ಬೆಳೆಯಿತೆಂಬುದನ್ನು ಹುಡುಕುವುದೇ ಅದರ ಮೂಲ ಉದ್ದೇಶವಾಗಿದ್ದಿತು. ಕಾಲಕ್ರಮದಲ್ಲಿ ಅದೇ ಸೂಚಿಯು ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ೨೦೦೫ ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿಯು ಇಡೀ ಜೀವಮಾನದ ಕೆಲಸಕ್ಕೆ ಒಂದೇ ಅಂಕಿಯನ್ನು ಕೊಡುವ ರೀತಿಯನ್ನು ಹೇಳಿದನು: ಒಬ್ಬನ ೨೦ ಪ್ರಬಂಧಗಳು ತಲಾ ೨೦ ಸಾರೆಗೆ ಕಡಿಮೆಯಿಲ್ಲದಂತೆ ಉಲ್ಲೇಖಗೊಂಡಿದ್ದು, ೨೧ ಪ್ರಬಂಧಗಳು ಆ ಪ್ರಮಾಣವನ್ನು ಮುಟ್ಟದಿದ್ದರೆ, ಅವನ ಅಂಕಿ ೨೦.

ಈಗ ಕರ್ನಾಟಕದ ಒಂದು ದೃಷ್ಟಾಂತವನ್ನು ನೋಡಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರು ಜೀವಕೋಶದ ಪೊರೆಯನ್ನು ಅಭ್ಯಸಿಸಿದರು. ಆ ಪೊರೆಯ ಹೊರಮೈಗೆ ಕೊಬ್ಬಿನ ಕೊಂಡಿಯಿಂದ ಅಂಟಿಕೊಂಡ ಕೆಲವು ಪ್ರೋಟೀನುಗಳಿರುವವು. ಅವು ಚೆದರಿ ಇರುವವೋ, ಗುಂಪುಗೂಡಿ ಇರುವವೋ ಎಂಬುದು ಪ್ರಶ್ನೆ. ಹೊಳೆಯುವ ಎರಡು ಅಣುಗಳು ತೀರ ಸಮೀಪವಾದರೆ ಒಂದರ ಶಕ್ತಿಯು ಇನ್ನೊಂದಕ್ಕೆ ದಾಟುವುದು. ಈ ಗುಣವೇ ಅವರಿಗೆ ಅಳತೆಗೋಲಾಯಿತು. ವರ್ಮಾ ಮತ್ತು ಮೇಯರ್ ಇವರು ೧೯೯೮ ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಆ ಪ್ರೋಟೀನುಗಳು ೭೦ ನ್ಯಾನೋಮೀಟರಿಗಿಂತ ಚಿಕ್ಕ ನೆಲೆಗಳಲ್ಲಿ ಕೂಡಿರುವವೆಂದು ಬರೆದರು. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಈ ಪ್ರಬಂಧವು ಜಗತ್ತಿನಾದ್ಯಂತ ಬಹಳವಾಗಿ ಉಲ್ಲೇಖಗೊಂಡಿತು.

ಆದರೆ ಅದೇ ೧೯೯೮ ರಲ್ಲಿ ಅಮೇರಿಕೆಯ ಕೆನ್‌ವರ್ದಿ ಮತ್ತು ಎಡಿಡಿನ್ ಎಂಬವರಿಗೆ, ತಾವು ಪರೀಕ್ಷಿಸಿದ ಕೋಶಗಳಲ್ಲಿ ಅಂಥ ಗುಂಪುಗಳಿಗೆ ಆಧಾರ ದೊರೆಯಲಿಲ್ಲ. ವಾದವು ಬೆಳೆಯಿತು. ೨೦೦೪ ರಲ್ಲಿ ಮೇಯರ್ ಅವರ ಬಳಗವು ಭೌತವಿಜ್ಞಾನಿ ಮದನ್ ರಾವ್ ಅವರೊಡಗೂಡಿ 'ಸೆಲ್' ಪತ್ರಿಕೆಯಲ್ಲಿ ತನ್ನ ಚಿತ್ರವನ್ನೇ ತಿದ್ದಿ ಸೂಕ್ಷ್ಮಗೊಳಿಸಿತು: ಗುಂಪುಗಳು ಇನ್ನೂ ಬಹಳ ಚಿಕ್ಕವು, ಒಂದೊಂದರಲ್ಲಿ ನಾಲ್ಕರಷ್ಟೇ ಅಣುಗಳಿರಬಹುದು, ಉಳಿದವು ಒಂಟಿಯಾಗಿರುವವು. ವಾದಿಸಿದವನ ಉಲ್ಲೇಖವೂ ಒಪ್ಪಿದವನ ಉಲ್ಲೇಖವೂ ಲೆಕ್ಕದಲ್ಲಿ ಒಂದೇ. ತಿದ್ದಿಕೊಂಡ ಧೈರ್ಯಕ್ಕೆ ಯಾವ ಅಂಕಿಯೂ ಇಲ್ಲ. ಆದರೂ ವಿದ್ಯೆಯ ಸಕ್ಕರೆಯಿರುವುದು ಅಲ್ಲಿಯೇ.

ಇನ್ನೊಂದು ಮಾತು. ೧೯೫೧ ರಲ್ಲಿ ಲೌರಿ ಮತ್ತು ಸಂಗಡಿಗರು ಪ್ರೋಟೀನನ್ನು ಅಳೆಯುವ ವಿಧಾನವನ್ನು ಬರೆದರು. ಅದು ಮೂರು ಲಕ್ಷಕ್ಕೂ ಮಿಕ್ಕಿ ಉಲ್ಲೇಖಗೊಂಡಿದೆ. ಪ್ರಯೋಗಶಾಲೆಯ ನಿತ್ಯದ ಕೆಲಸಕ್ಕೆ ಅದು ಬೇಕಾದುದೇ ಕಾರಣ. ಹೆಚ್ಚು ಬಳಕೆಯಾದುದೇ ಹೆಚ್ಚು ಆಳವಾದುದೆಂದು ತಿಳಿಯಲಾಗದು. ಉಪಕಾರಿಯಾದುದನ್ನು ಕಡೆಗಾಣಿಸಲೂ ಆಗದು.

ಈ ಅಂಕಿಗಳ ಮೋಹಕ್ಕೆ ಮೊದಲ ದೊಡ್ಡ ಪ್ರತಿಭಟನೆಯೊಂದು ಕೋಶವಿಜ್ಞಾನಿಗಳ ನಡುವಿನಿಂದಲೇ ಹುಟ್ಟಿತು. ೨೦೧೨ ರ ಡಿಸೆಂಬರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಮೇರಿಕೆಯ ಕೋಶವಿಜ್ಞಾನ ಸಂಘದ ವಾರ್ಷಿಕ ಸಮ್ಮೇಲನದ ಕಾಲಕ್ಕೆ ಕೂಡಿದ ಸಂಪಾದಕರೂ ಪ್ರಕಾಶಕರೂ ಒಂದು ಘೋಷಣೆಯ ಕರಡನ್ನು ಸಿದ್ಧಗೊಳಿಸಿದರು. ಪತ್ರಿಕೆಯ ಪ್ರಭಾವಾಂಕದಿಂದ ವ್ಯಕ್ತಿಯ ಯೋಗ್ಯತೆಯನ್ನು ನಿರ್ಣಯಿಸಬಾರದು, ಬರೆದುದನ್ನೇ ಓದಿ ಬೆಲೆಕಟ್ಟಬೇಕು ಎಂಬುದೇ ಅದರ ಸಾರ.

ಆದುದರಿಂದ ಮಹನೀಯರೇ, ಸಂಶೋಧನೆಗೆ ಹೋದ ಮಗನನ್ನಾಗಲಿ ಮಗಳನ್ನಾಗಲಿ 'ಎಷ್ಟು ಬರೆದೆ?' ಎಂದು ಮೊದಲು ಕೇಳಬಾರದು. 'ಏನನ್ನು ಕಂಡೆ? ಅದನ್ನು ಇತರರು ಪರೀಕ್ಷಿಸಿದರೇ? ಪರೀಕ್ಷೆಯಲ್ಲಿ ಅದು ನಿಂತಿತೇ?' ಎಂದು ಕೇಳಬೇಕು. ಎಣಿಕೆಗಾಗಿ ಅವಸರಪಡುವವನು ಹಸಿ ಕಬ್ಬನ್ನೇ ಕಡಿದು ಗಾಡಿ ತುಂಬುವನು. ತಾಳ್ಮೆಯಿಂದ ಕಾದವನ ಬೆಳೆಯೇ ಗಾಣದಲ್ಲಿ ತನ್ನ ಸತ್ವವನ್ನು ತೋರುವುದು. ಅಂಥ ತಾಳ್ಮೆಗೆ ಮನೆಯಲ್ಲಿಯೂ ಸಮಾಜದಲ್ಲಿಯೂ ಆಶ್ರಯ ದೊರೆಯಲಿ.