ನೀರು ಕುದಿಯುವುದು ನೂರರಲ್ಲಿಯೇ?



ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಕೇಳಿದರೆ ಚಿಕ್ಕ ಮಕ್ಕಳೂ ನೂರು ಎನ್ನುತ್ತಾರೆ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಅದು ಅರ್ಧ ಉತ್ತರ. ಎಷ್ಟು ಒತ್ತಡದಲ್ಲಿ ಎಂಬ ಇನ್ನರ್ಧವನ್ನು ನಾವು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಆ ಇನ್ನರ್ಧ ತಿಳಿಯದೆ ಅಡುಗೆಮನೆಯಲ್ಲಿ ಕೈ, ಮುಖ ಸುಟ್ಟುಕೊಳ್ಳುವವರಿದ್ದಾರೆ. ಆದ್ದರಿಂದಲೇ ಈ ವಿಷಯವನ್ನು ಆರಿಸಿಕೊಂಡೆ.

ಸಮುದ್ರ ಮಟ್ಟದ ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನಿಜ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88 ಸಾಕು. ಬೇಗ ಕುದಿಯಿತೆಂದು ಸಂತೋಷಪಡಬೇಡಿ. ಒಮ್ಮೆ ಕುದಿ ಬಂದ ಮೇಲೆ ಎಷ್ಟೇ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ. ಶಾಖವೆಲ್ಲ ಆವಿಯಾಗುವುದಕ್ಕೇ ಖರ್ಚಾಗುತ್ತದೆ. ಲೇಹ್‌ನಲ್ಲಿ ನೀರು ಕೊತಕೊತ ಕುದಿಯುತ್ತಿದ್ದರೂ ಬೇಳೆ ಬೇಗ ಬೇಯದಿರುವುದು ಇದಕ್ಕೇ.

ಕಾರಣ ಸರಳ. ಬಿಸಿ ನೀರಿನ ಅಣುಗಳು ಆವಿಯ ಗುಳ್ಳೆಗಳಾಗಿ ಹೊರಬರಲು ನೂಕುತ್ತವೆ. ಮೇಲಿನ ಗಾಳಿ ಅವನ್ನು ಅದುಮುತ್ತದೆ. ನೂಕುವ ಬಲ ಅದುಮುವ ಬಲಕ್ಕೆ ಸಮನಾದಾಗ ಬರುವುದೇ ಕುದಿ. ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಕಡಿಮೆ ಬಿಸಿಯೇ ಸಾಕು.

ಇದನ್ನು ತಿರುಗಿಸಿ ನೋಡಿದರೆ ಪ್ರೆಶರ್ ಕುಕ್ಕರ್. ಫ್ರಾನ್ಸಿನವರಾದ ಡೆನಿ ಪಾಪಾಂ 1679ರಲ್ಲಿ ಲಂಡನ್ನಿನಲ್ಲಿ ಇದರ ಮೂಲರೂಪವನ್ನು ತೋರಿಸಿದರು. ಪಾತ್ರೆ ಸಿಡಿಯದಿರಲೆಂದು ಸೇಫ್ಟಿ ವಾಲ್ವ್ ಕಂಡುಹಿಡಿದವರೂ ಅವರೇ. ನಮ್ಮ ಕುಕ್ಕರಿನೊಳಗೆ ವೆಯ್ಟ್ ಏಳುವ ಹೊತ್ತಿಗೆ ಒತ್ತಡ ಹೊರಗಿನದಕ್ಕಿಂತ ಸುಮಾರು ಎರಡು ಪಟ್ಟು, ನೀರು ಸುಮಾರು 120 ಡಿಗ್ರಿ. ಆದರೂ ಅದು ನೀರಾಗಿಯೇ ಇರುತ್ತದೆ.

ಅಪಾಯ ಇರುವುದು ಇಲ್ಲಿಯೇ, ಸ್ವಲ್ಪ ಗಮನವಿಟ್ಟು ಕೇಳಿ. ಒತ್ತಡ ಇಳಿಯುವ ಮೊದಲೇ ಮುಚ್ಚಳ ತೆರೆದರೆ 120 ಡಿಗ್ರಿಯ ನೀರು ಒಮ್ಮೆಲೇ ಹೊರಗಿನ ಒತ್ತಡಕ್ಕೆ ಬರುತ್ತದೆ. ಆ ಒತ್ತಡದಲ್ಲಿ 120 ಡಿಗ್ರಿಯ ನೀರು ನೀರಾಗಿ ಉಳಿಯಲಾರದು. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ತಕ್ಷಣ ಹಬೆಯಾಗುತ್ತದೆ. 35 ಗ್ರಾಂ ಅಲ್ಪವೆನಿಸಬಹುದು, ಆದರೆ ಹಬೆಯಾದಾಗ ಅದು ಸುಮಾರು 60 ಲೀಟರ್ ಜಾಗ ಹಿಡಿಯುತ್ತದೆ. ಕುದಿಯುವ ಬೇಳೆಯನ್ನು ಮುಖಕ್ಕೆ ಎರಚುವುದು ಅದೇ. ಆದುದರಿಂದ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಕಾಯಿರಿ. ವೆಯ್ಟ್ ಕೂರುವ ಕೊಳವೆಯಲ್ಲಿ ಅನ್ನದ ಅಗುಳು ಸಿಕ್ಕಿದೆಯೇ ಎಂದು ದಿನವೂ ಬೆಳಕಿಗೆ ಹಿಡಿದು ನೋಡಿರಿ. ಈ ಕೆಲಸ ಅಮ್ಮನದೇ ಎಂದು ಹುಡುಗರು ಸುಮ್ಮನೆ ಕೂರಬೇಕಾಗಿಲ್ಲ!

ಒತ್ತಡವನ್ನು ಇಳಿಸುತ್ತಲೇ ಹೋದರೆ ಏನಾದೀತು? ವಾತಾವರಣದ ಒತ್ತಡದ ಸುಮಾರು 165ನೇ ಒಂದು ಪಾಲಿನಲ್ಲಿ, 0.01 ಡಿಗ್ರಿಯಲ್ಲಿ, ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೇ ಇರಬಲ್ಲವು. ಇದಕ್ಕೆ ತ್ರಿಕ ಬಿಂದು ಎನ್ನುತ್ತಾರೆ. 1954ರಿಂದ 2019ರವರೆಗೆ ಕೆಲ್ವಿನ್ ಎಂಬ ಅಳತೆಯನ್ನು ನಿಗದಿಪಡಿಸಿದ್ದು ಇದರ ಆಧಾರದಲ್ಲಿಯೇ. ಒತ್ತಡ ಇದಕ್ಕಿಂತಲೂ ಇಳಿದರೆ ದ್ರವವೆಂಬ ನಡುವಿನ ಸ್ಥಿತಿಯೇ ಇಲ್ಲ. ಮಂಜುಗಡ್ಡೆ ನೇರವಾಗಿ ಆವಿಯಾಗುತ್ತದೆ. ಮಂಗಳ ಗ್ರಹದ ಗಾಳಿಯ ಸರಾಸರಿ ಒತ್ತಡ ಈ ಗಡಿಯ ಹತ್ತಿರವೇ ಇದೆ. ಅಲ್ಲಿ ಮಂಜುಗಡ್ಡೆ ಇದ್ದರೂ ಹೊಳೆ ಹರಿಯದಿರಲು ಚಳಿಯಷ್ಟೇ ಕಾರಣವಲ್ಲ.

ನಂಬಿಕೆ ಬಾರದವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಕಾಲು ಭಾಗ ಬಿಸಿ ನೀರು ಎಳೆದುಕೊಳ್ಳಿ. 60 ಡಿಗ್ರಿಯಷ್ಟಿದ್ದರೆ ಸಾಕು. ಕೈಗೆ ದಪ್ಪ ಬಟ್ಟೆ ಇರಲಿ, ದೊಡ್ಡವರು ಹತ್ತಿರ ಇರಲಿ. ಒಳಗಿನ ಗಾಳಿಯನ್ನು ಪೂರ್ತಿ ಹೊರಹಾಕಿ, ತುದಿಯನ್ನು ಬಿಗಿಯಾಗಿ ಮುಚ್ಚಿ, ಹಿಡಿಯನ್ನು ಹಿಂದಕ್ಕೆ ಜಗ್ಗಿರಿ. ಒಲೆಯಿಲ್ಲದೆ, ಬೆಂಕಿಯಿಲ್ಲದೆ ನೀರು ಗುಳುಗುಳು ಕುದಿಯುತ್ತದೆ. ಹಿಡಿ ಬಿಟ್ಟರೆ ಕುದಿ ನಿಲ್ಲುತ್ತದೆ.